ಒಂದ್ನಿಮಿಷದ ರಾಯರು

ರಾಯರು ವಕೀಲರ ಆಫೀಸಿಗೆ ಹೋಗುವವರಲ್ಲ, ವಕೀಲರು ಎಲೆ ಮುಂದೆ ಕೂರುವುದನ್ನೇ ಕಾಯುವವರು. ಛತ್ರದಲ್ಲಿ ಎರಡನೇ ಪಂಕ್ತಿಯ ಹೊತ್ತಿಗೆ ನನ್ನ ಎಡಗಡೆಯ ಕುರ್ಚಿಯ ಮೇಲೆ ಅದು ಹೇಗೋ ಅವರ ಟವೆಲ್ ಬಿದ್ದಿರುತ್ತದೆ. ಪಂಕ್ತಿಯ ನಡುವೆ ಏಳುವ ಹಾಗಿಲ್ಲ, ಎಂಜಲು ಕೈಯಲ್ಲಿ ಫೋನ್ ಬಂದಂತೆ ನಟಿಸುವ ಹಾಗೂ ಇಲ್ಲ. ಈ ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

"ಒಂದ್ನಿಮಿಷ ಸಾರ್, ಸಣ್ಣ ಡೌಟು. ನಮ್ದಲ್ಲ, ಸ್ನೇಹಿತರೊಬ್ಬರದು."

ಕೋಸಂಬರಿಗೆ ಶುರುವಾದ ಸ್ನೇಹಿತರ ಜಮೀನು ಸಾರಿನ ಹೊತ್ತಿಗೆ "ನಮ್ಮ ಪಿತ್ರಾರ್ಜಿತ" ಆಗಿರುತ್ತದೆ. ಹೋಳಿಗೆ ಬೀಳುವಷ್ಟರಲ್ಲಿ ತಂಗಿ ಬರುತ್ತಾಳೆ. 1990ರಲ್ಲೇ ಮದುವೆ ಮಾಡಿಕೊಟ್ಟಿದ್ದೇವೆ, ಚಿನ್ನ ಹಾಕಿದ್ದೇವೆ, ಈಗ ಪಾಲು ಬೇಕಂತೆ. ಕೊಡಬೇಕಾ? ಹೂಂ ಇಲ್ಲ ಉಹೂಂ, ಅಷ್ಟು ಹೇಳಿ ಸಾಕು.

ಹೋದ ವರ್ಷ ದಾಕ್ಷಿಣ್ಯಕ್ಕೆ ಬಿದ್ದು ಹೇಳಿದೆ. ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ 1994ರ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿ ಆ ಭೇದ ತೆಗೆಯಿತು. ಆಗ ಅಪ್ಪ ಬದುಕಿರಬೇಕೆಂದೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ವಿಭಾಗಪತ್ರ ರಿಜಿಸ್ಟರ್ ಆಗಿದ್ದರೆ ಕಥೆ ಬೇರೆ, ಪತ್ರ ನೋಡಬೇಕು ಅಂದೆ. ನಡುವೆ ತುಪ್ಪದವನು ಬಂದಿದ್ದ. ರಾಯರ ಕಿವಿಗೆ ಬಿದ್ದದ್ದು 1994 ಒಂದೇ. "ತಂಗಿಗೆ ಪಾಲಿಲ್ಲ, ಲಾಯರೇ ಹೇಳಿದ್ದಾರೆ" ಅಂತ ಮರುದಿನ ಊರಿಗೆಲ್ಲ ಸಾರಿದರು. ವಾರದೊಳಗೆ ಆ ತಂಗಿಯೇ ಫೋನ್ ಮಾಡಿ, ಯಾವ ಸೆಕ್ಷನ್ ಪ್ರಕಾರ ಇಲ್ಲ ಅಂತ ದಬಾಯಿಸಿದರು. ಅವರಿಗೂ ಅರ್ಧ ಗಂಟೆ ವಿವರಿಸಿದೆ. ಅದೂ ಬಿಟ್ಟಿಯೇ ಅನ್ನಿ.

ಈ ಸಲ ಬುದ್ಧಿ ಬಂದಿತ್ತು. "ರಾಯರೇ, ಎಲೆ ಮೇಲೆ ಹೋಳಿಗೆ ನೋಡೋಣ, ಪತ್ರ ಮೇಜಿನ ಮೇಲೆ ನೋಡೋಣ. ಸೋಮವಾರ ಸಂಜೆ ಆರಕ್ಕೆ ಆಫೀಸಿಗೆ ಬನ್ನಿ, ಪಹಣಿ ತನ್ನಿ. ಮೊದಲ ಭೇಟಿಗೆ ಸಾವಿರ ರೂಪಾಯಿ" ಎಂದೆ, ನಗುತ್ತಲೇ. ಎದೆ ಡವಡವ ಅನ್ನುತ್ತಿತ್ತು; ಹೈಕೋರ್ಟಿನಲ್ಲಿ ಮೊದಲ ಸಲ ನಿಂತಾಗಲೂ ಹಾಗಾಗಿರಲಿಲ್ಲ. ರಾಯರು ಮಾತಿಲ್ಲದೆ ಪಾಯಸ ಸುರಿದರು.

ಬಂದರು, ಸೋಮವಾರ. ಪತ್ರವೇ ಇರಲಿಲ್ಲ, ಅಣ್ಣತಮ್ಮಂದಿರು ಬಾಯಿಮಾತಲ್ಲೇ ಹಂಚಿಕೊಂಡಿದ್ದರು. ಅದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ತಂಗಿಗೆ ಪಾಲು ಕೊಡಬೇಕಾಗುತ್ತದೆ ಅಂದೆ. ಸಾವಿರ ಎಣಿಸಿಟ್ಟು, ರಸೀದಿ ಬರೆಸಿಕೊಂಡು ಎದ್ದರು. ಹೊರಗೆ ನನ್ನ ಜೂನಿಯರ್ ಹುಡುಗ ಟೀ ಕುಡಿಯುತ್ತಿದ್ದ.

"ಏನಪ್ಪಾ, ನೀನೂ ಎಲ್‌ಎಲ್‌ಬಿ ತಾನೆ? ಒಂದ್ನಿಮಿಷ..."