ಅಗ್ಗದಲ್ಲಿ ಊರು ಸುತ್ತುವವರಿಗೆ ಕೋಲಾರದ ಹುತ್ತೂರಿನಿಂದ ಒಂದು ಬಹಿರಂಗ ಪತ್ರ

ಬೆನ್ನಿಗೆ ಚೀಲ ಏರಿಸಿಕೊಂಡು ಕಡಿಮೆ ಖರ್ಚಿನಲ್ಲಿ ಲೋಕ ನೋಡುವ ಗೆಳೆಯರೇ, ಗೆಳತಿಯರೇ,

ನಿಮ್ಮಲ್ಲಿ ಹಲವರು ವಿಯೆಟ್ನಾಂ, ಶ್ರೀಲಂಕಾ ಅಂತ ಹೋಗಿ ಬಂದವರು. ಡಾರ್ಮಿಟರಿಯಲ್ಲಿ ಮಲಗಿ, ಬೀದಿ ಬದಿಯಲ್ಲಿ ಉಂಡು, ರಾತ್ರಿ ಬಸ್ಸು ಹಿಡಿದು ಒಂದು ರಾತ್ರಿಯ ರೂಮು ಬಾಡಿಗೆ ಉಳಿಸಿದ್ದನ್ನು ನೀವು ಹೇಳಿಕೊಳ್ಳುವಾಗ ನನಗೆ ಖುಷಿಯಾಗುತ್ತದೆ. ಹರೆಯದಲ್ಲಿ ಸಾಲ ಮಾಡದೆ ದೇಶ ನೋಡುವುದು ಒಳ್ಳೆಯ ಕೆಲಸ. ಶನಿವಾರ ಬಂತೆಂದರೆ ಅಂಥವೇ ಚೀಲಗಳು ಈಗ ಕೋಲಾರದ ಬಸ್ ಸ್ಟ್ಯಾಂಡಿನಲ್ಲೂ ಕಾಣುತ್ತವೆ. ಬೆಂಗಳೂರಿಂದ ಎಪ್ಪತ್ತು ಕಿಲೋಮೀಟರಿನೊಳಗೆ ಬೆಟ್ಟ, ಗುಹೆ, ಸಾವಿರ ವರ್ಷದ ಗುಡಿ, ರಾಗಿ ಮುದ್ದೆ ಎಲ್ಲವೂ ಸಿಗುವಾಗ ಬಾರದೆ ಇರುತ್ತೀರಾ? ಬನ್ನಿ. ಕರೆಯುವುದಕ್ಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಬರುವ ಮೊದಲು ಒಂದು ಲೆಕ್ಕವನ್ನು ನನ್ನ ಜೊತೆ ಕೂತು ಮಾಡಿ. ನೀವು ಉಳಿಸಿದ ದುಡ್ಡನ್ನು ನಿಮ್ಮ ಪರವಾಗಿ ಯಾರು ತೆತ್ತರು ಎಂಬ ಲೆಕ್ಕ ಅದು.

ಬಸ್ಸಿನಿಂದಲೇ ಶುರು ಮಾಡೋಣ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಈ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಗಂಡನ ಮುಂದೆ ಕೈಚಾಚದೆ ಆವಣಿ, ಕುರುಡುಮಲೆಯ ಗುಡಿಗಳು, ತವರುಮನೆ ಎಲ್ಲ ಸುತ್ತಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಆಡಿಕೊಳ್ಳುವವರ ಜೊತೆ ನಾನು ಸೇರುವವನಲ್ಲ. ಬೆಂಗಳೂರಿನ ಹುಡುಗಿಯರು ಅದೇ ಟಿಕೆಟ್ಟಿನಲ್ಲಿ ನಾಡು ನೋಡಿದರೂ ಸಂತೋಷವೇ. ಆದರೆ ಬೆಳಗಿನ ಬಸ್ಸು ಹತ್ತುವಾಗ ಸ್ವಲ್ಪ ಸುತ್ತಮುತ್ತ ನೋಡಿ. ಸೊಪ್ಪಿನ ಕಂತೆ, ಹೂವಿನ ಬುಟ್ಟಿ ಹಿಡಿದ ಹೆಂಗಸರು ಮಾರ್ಕೆಟ್ಟಿಗೆ ಹೊರಟಿರುತ್ತಾರೆ. ಎಂಟು ಗಂಟೆಯೊಳಗೆ ಮುಟ್ಟದಿದ್ದರೆ ಸೊಪ್ಪು ಬಾಡುತ್ತದೆ, ರೇಟು ಬೀಳುತ್ತದೆ. ಅಂಥ ಬಸ್ಸಿನಲ್ಲಿ ನಿಮ್ಮ ಚೀಲ ಒಂದು ಸೀಟು ಹಿಡಿದು ಕೂತಿರುವುದನ್ನೂ ಅದರ ಪಕ್ಕದಲ್ಲೇ ಒಬ್ಬ ಅಜ್ಜಿ ಕಂಬಿ ಹಿಡಿದು ನಿಂತಿರುವುದನ್ನೂ ನೋಡಿದ್ದೇನೆ. ಚೀಲ ಕೆಳಗಿಳಿಸಿ, ಇಲ್ಲವಾದರೆ ಹತ್ತು ಗಂಟೆಯ ಬಸ್ಸಿಗೆ ಬನ್ನಿ. ನಿಮಗೆ ಅದರಿಂದ ನಷ್ಟವೇನೂ ಇಲ್ಲ, ಬೆಳಗಿನ ಬಸ್ಸು ತಪ್ಪಿದರೆ ಅಜ್ಜಿಗೆ ಇದೆ.

ಇನ್ನು ಅಂತರಗಂಗೆ. ಕೋಲಾರದ ಶತಶೃಂಗ ಬೆಟ್ಟದ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು, ಮೇಲೆ ಬಂಡೆಗಳು ಒಂದರ ಮೇಲೊಂದು ಒರಗಿ ಆದ ಗುಹೆಗಳು. ರಾತ್ರಿ ಚಾರಣದ ಹೆಸರಿನಲ್ಲಿ ತಂಡ ತಂಡವಾಗಿ ಬರುತ್ತೀರಿ. ಬೆಟ್ಟದಾಚೆ ತೇರಹಳ್ಳಿ ಇದೆ. ಅಲ್ಲಿ ಜನ ರಾಗಿ ಬಿತ್ತುತ್ತಾರೆ, ದನ ಮೇಯಿಸುತ್ತಾರೆ, ನಸುಕಿಗೆ ಎದ್ದು ಡೇರಿಗೆ ಹಾಲು ಹಾಕುತ್ತಾರೆ. ರಾತ್ರಿ ಒಂದು ಗಂಟೆಗೆ ಸ್ಪೀಕರು ಹಚ್ಚಿದರೆ ಅವರ ನಿದ್ದೆ ಹಾಳು. ಬೇಸಗೆಯಲ್ಲಿ ಬೆಂಕಿ ಹಾಕಿ ಆರಿಸದೆ ಇಳಿದುಹೋದರೆ ಒಣಹುಲ್ಲಿನ ಗುಡ್ಡ ಉರಿದು, ದನಗಳ ಮೇವು ಬೂದಿ. ನೀವು ಕಟ್ಟಿದ ಚಾರಣದ ಫೀಸಿನಲ್ಲಿ ಆ ಮೇವಿಗೆ ಯಾರೂ ಪಾಲು ಎತ್ತಿಟ್ಟಿರುವುದಿಲ್ಲ.

ನೀರಿನ ಮಾತು ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಹೆಸರಿಗಿದೆ, ಒಳ್ಳೆ ಮಳೆಯಾದ ವರ್ಷ ಮುಖ ತೋರಿಸುತ್ತದೆ. ಹಿರಿಯರು ಅದಕ್ಕೇ ಊರಿಗೊಂದು ಕೆರೆ ಕಟ್ಟಿ ಬದುಕಿದರು. ಕೆರೆಗಳು ಹೂಳು ತುಂಬಿ, ರಾಜಕಾಲುವೆಗಳು ಒತ್ತುವರಿಯಾಗಿ, ನಾವು ಬೋರ್‌ವೆಲ್ ಹಿಂದೆ ಬಿದ್ದೆವು. ಸಾವಿರ ಅಡಿ ಆಯಿತು, ಅದರಾಚೆ ಐನೂರು ಅಡಿ ಇಳಿಸಿದವರೂ ಇದ್ದಾರೆ. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್. ನಮ್ಮ ಹಳ್ಳಿಗಳಲ್ಲಿ ಮಾತಾಡುವಾಗ ಹಲ್ಲು ಕಾಣದಂತೆ ಕೈ ಅಡ್ಡ ಹಿಡಿಯುವ ಮಕ್ಕಳನ್ನು ನೀವು ನೋಡಿದರೆ, ಅದು ಬರೀ ನಾಚಿಕೆಯಲ್ಲ, ಫ್ಲೋರೈಡಿನಿಂದ ಕಲೆಗಟ್ಟಿದ ಹಲ್ಲು ಎಂದು ತಿಳಿಯಿರಿ.

ಹಾಗಾಗಿ ಕುಡಿಯುವ ನೀರಿಗೆ ಊರೂರಿನಲ್ಲೂ ಶುದ್ಧ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್. ಕರೆಂಟು ಬಂದ ಹೊತ್ತಿಗೆ ಕ್ಯಾನುಗಳ ಸಾಲು ಬೆಳೆಯುತ್ತದೆ, ಒಬ್ಬರ ಕ್ಯಾನ್ ತುಂಬುವಾಗ ಹಿಂದಿನವರು ಮುಚ್ಚಳ ಬಿಚ್ಚಿ ನಾಣ್ಯ ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಮಿಷನ್ ಕೆಟ್ಟರೆ ಟಿವಿಎಸ್ ಗಾಡಿಯ ಮುಂದೊಂದು ಹಿಂದೊಂದು ಕ್ಯಾನ್ ಇಟ್ಟು ಪಕ್ಕದೂರಿಗೆ ಓಟ. ನೀವು ಬೆಟ್ಟ ಇಳಿದು ಬಾಯಾರಿ ಯಾವುದೋ ಮನೆಯ ಮುಂದೆ ನಿಂತು, 'ಆಂಟಿ, ಬಾಟಲಿ ತುಂಬಿಸಿಕೊಡ್ತೀರಾ' ಅನ್ನುತ್ತೀರಿ. ಆ ಹೆಣ್ಣುಮಗಳು ಇಲ್ಲ ಅನ್ನುವುದಿಲ್ಲ. ನಲ್ಲಿ ನೀರನ್ನು ನಿಮಗೆ ಕೊಡಲು ಅವಳಿಗೆ ಮನಸ್ಸು ಬಾರದು, ಒಳಗಿನ ಕ್ಯಾನನ್ನೇ ಬಗ್ಗಿಸುತ್ತಾಳೆ. ಎಂಟು ಜನ, ಎಂಟು ಬಾಟಲಿ. ಸಂಜೆ ಅವಳ ಮಗ ಮತ್ತೆ ಘಟಕದ ಮುಂದೆ ಸಾಲಿನಲ್ಲಿ. ದಯವಿಟ್ಟು ಆ ಮಗನ ಜೊತೆ ನೀವೂ ಘಟಕಕ್ಕೆ ನಡೆಯಿರಿ, ನಿಮ್ಮ ನಾಣ್ಯ ಹಾಕಿ ಅವಳ ಕ್ಯಾನ್ ತುಂಬಿಸಿ, ಹೊತ್ತು ತಂದು ಮನೆಯೊಳಗಿಡಿ. ಪ್ರವಾಸದಲ್ಲಿ ನೀವು ಮಾಡುವ ಅತ್ಯಂತ ಒಳ್ಳೆಯ ಖರ್ಚು ಅದು.

ನಿಮ್ಮ ಊರಿಗೂ ನಮ್ಮ ಊರಿಗೂ ನೀರಿನ ನಂಟು ಬೇರೆ ಒಂದು ಬಗೆಯಲ್ಲೂ ಇದೆ. ಬೆಂಗಳೂರಿನ ಬಚ್ಚಲು, ಪಾಯಿಖಾನೆಗಳಿಂದ ಹರಿದುಹೋದ ನೀರನ್ನು ಕೋರಮಂಗಲ, ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿ, ಪಂಪು ಮಾಡಿ ನಮ್ಮ ಕೆರೆಗಳಿಗೆ ಕಳಿಸುತ್ತಾರೆ. ಕೆ.ಸಿ. ವ್ಯಾಲಿ ಅನ್ನುವುದು ಅದನ್ನೇ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಕೆಲವೇ ವಾರಗಳಲ್ಲಿ ನೊರೆ ಎದ್ದು, ಸಂಗತಿ ಕೋರ್ಟು ಹತ್ತಿತು. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್, ಚಿಂತಾಮಣಿಯದ್ದೂ ಸೇರಿ 126 ಕೆರೆಗಳು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಆಗಬೇಕು ಎಂದು ನಮ್ಮವರು ಕೇಳುತ್ತಲೇ ಇದ್ದಾರೆ. ಒಣಗಿ ಬಿರುಕು ಬಿಟ್ಟಿದ್ದ ಕೆರೆಯಂಗಳದಲ್ಲಿ ನೀರು ನಿಂತದ್ದು, ಬತ್ತಿದ ಬೋರುಗಳಲ್ಲಿ ನೀರು ಮೇಲೇರಿದ್ದು ಕೂಡ ನಿಜ. ಎರಡನ್ನೂ ಹೇಳಬೇಕು, ಹೇಳುತ್ತೇನೆ. ನೀವು ಬಳಸಿ ಬಿಟ್ಟ ನೀರಿನ ಪಕ್ಕದಲ್ಲಿ ಬೆಳೆದ ಸೊಪ್ಪು, ಟೊಮೊಟೊ, ಅಲ್ಲಿಯ ದನಗಳ ಹಾಲು ಎಲ್ಲವೂ ಮತ್ತೆ ನಿಮ್ಮ ಮನೆಗೇ ಬರುತ್ತದೆ. ಮೂರನೇ ಹಂತ ಬೇಕೆನ್ನುವ ಕೂಗಿಗೆ ನಿಮ್ಮ ದನಿಯೂ ಸೇರಬೇಕೆಂದು ನಾನು ಕೇಳುವುದು ಈ ಕಾರಣಕ್ಕೆ. ಕೆರೆ ಏರಿಯ ಮೇಲೆ ನಿಂತು ಸೂರ್ಯಾಸ್ತದ ಫೋಟೊ ಹಿಡಿಯುವಾಗ ಈ ನೀರು ಎಲ್ಲಿಂದ ಬಂತು ಎಂದು ಪಕ್ಕದಲ್ಲಿ ಕುರಿ ಮೇಯಿಸುತ್ತಿರುವವರನ್ನು ಕೇಳಿ. ಅವರಿಗೆ ಎಲ್ಲ ಗೊತ್ತು.

ಚೌಕಾಶಿಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಇದೆ. ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನ ರಾಶಿ ಇಟ್ಟುಕೊಂಡವರ ಹತ್ತಿರ ಹತ್ತು ರೂಪಾಯಿಗಾಗಿ ಕಾಲು ಗಂಟೆ ಎಳೆದಾಡಿ, ಅಲ್ಲೇ ಮುಂದೆ ಕೆಫೆಯಲ್ಲಿ ಕಾಫಿಗೆ ಹೇಳಿದಷ್ಟು ಕೊಡುತ್ತೀರಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆ.ಜಿ.ಯ ಟೊಮೊಟೊ ಬಾಕ್ಸು 2,000 ರೂಪಾಯಿ ದಾಟಿದ್ದು ಎಲ್ಲರ ಬಾಯಲ್ಲಿತ್ತು. ಆದರೆ ಕೊಯ್ಲಿನ ಕೂಲಿಯೂ ಗಿಟ್ಟದೆ ಅದೇ ಟೊಮೊಟೊವನ್ನು ರಸ್ತೆಗೆ ಸುರಿದುಹೋದ ಎಷ್ಟೋ ವರ್ಷಗಳ ನೆನಪು ನಮಗೆ ಮಾತ್ರ. ಆ ಹತ್ತು ರೂಪಾಯಿ ಬಿಡಿ.

ಕಡಿಮೆ ಖರ್ಚಿನ ಪ್ರಯಾಣ ನಮ್ಮ ರಸ್ತೆಗೆ ಹೊಸತೇನಲ್ಲ. ತಿರುಪತಿಗೆ ನಡೆದೇ ಹೋಗುವವರು ಇವತ್ತಿಗೂ ಮುಳಬಾಗಿಲಿನ ಆಂಜನೇಯನಿಗೆ ಕೈಮುಗಿದು, ನಂಗಲಿ ದಾಟಿ ಪಲಮನೇರಿನತ್ತ ಸಾಗುತ್ತಾರೆ. ಹೆಗಲಿಗೊಂದು ಬಟ್ಟೆ ಗಂಟು, ಕಾಲಿಗೆ ಕೆಲವರಿಗೆ ಚಪ್ಪಲಿಯೂ ಇರುವುದಿಲ್ಲ. ದಾರಿಯ ಊರವರು ಮಜ್ಜಿಗೆ ಕೊಡುತ್ತಾರೆ, ಅನ್ನ ಹಾಕುತ್ತಾರೆ, ಗುಡಿಯ ಜಗಲಿಯಲ್ಲಿ ಮಲಗಲು ಬಿಡುತ್ತಾರೆ. ಹಾಗೆ ನಡೆದು ಹೋಗುವವರು ದುಡ್ಡು ಕೊಡುವುದಿಲ್ಲ ನಿಜ, ಆದರೆ ಬೇಸಗೆಯಲ್ಲಿ ತಮ್ಮೂರಿನ ದಾರಿಯಲ್ಲಿ ಅರವಟ್ಟಿಗೆ ಇಡುವವರೂ ಅವರೇ, ಇನ್ನೊಬ್ಬರ ಕಾಲಿಗೆ ಬಿಸಿನೀರು ಕಾಯಿಸುವವರೂ ಅವರೇ. ಇವತ್ತು ಉಂಡವರು ನಾಳೆ ಇಕ್ಕುತ್ತಾರೆ. ಆದರೆ ನಾವು ಬೆಂಗಳೂರಿಗೆ ಬಂದರೆ ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು, ಫೋನ್ ನಂಬರು ಬರೆಸಿ ಬಿಸಿಲಲ್ಲಿ ನಿಲ್ಲುತ್ತೇವೆ. ನೀವು ಆ ಕೊಡುಕೊಳ್ಳುವಿಕೆಗೆ ಇನ್ನೂ ಸೇರಿಲ್ಲ. ಸೇರುವವರೆಗೆ ಊಟಕ್ಕೂ ಜಾಗಕ್ಕೂ ದುಡ್ಡು ಕೊಡುವುದೇ ಮರ್ಯಾದೆ. 'ಅಯ್ಯೋ, ಊಟಕ್ಕೆ ದುಡ್ಡಾ' ಅಂತ ಮನೆಯಾಕೆ ಬೇಡವೆನ್ನಬಹುದು. ಆಗ ಅವಳ ಅಂಗಳದ ಹುಣಿಸೆಹಣ್ಣನ್ನೋ, ಹುರುಳಿಯನ್ನೋ ಬೆಲೆ ಕೇಳಿ ಕೊಂಡುಕೊಳ್ಳಿ.

ನೋಡಲು ಇಲ್ಲಿ ಬೇಕಾದಷ್ಟಿದೆ. ಆವಣಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳು, ಮೇಲೆ ಬೆಟ್ಟದಲ್ಲಿ ಸೀತಮ್ಮನ ಗುಡಿ. ಕುರುಡುಮಲೆಯಲ್ಲಿ ಸುಮಾರು 13 ಅಡಿಯ ಒಂದೇ ಕಲ್ಲಿನ ಗಣಪ. 1887ರಲ್ಲಿ ಕವಿ ಡಿ.ವಿ.ಜಿ. ಹುಟ್ಟಿದ ಮುಳಬಾಗಿಲು, ಅಲ್ಲಿನ ದೋಸೆ. ಮಾಲೂರು ಕಡೆ ಹೋದರೆ ಇಟ್ಟಿಗೆ ಗೂಡುಗಳ ನಡುವೆ ಹಾದು ಮಾಸ್ತಿ ಊರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಮಾರ್ಗದ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ಮಾವಿನ ತೋಪುಗಳು ಕೊನೆಯಿಲ್ಲದೆ ಸಾಗುತ್ತವೆ. ಒಂದು ದಿನದಲ್ಲಿ ಇಷ್ಟನ್ನೂ ಮುಗಿಸುವ ಹಟ ಬೇಡ. ಎರಡು ಜಾಗ ನೋಡಿ, ಒಂದು ರಾತ್ರಿ ಉಳಿಯಿರಿ.

ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರು ಜನವರಿಯಲ್ಲಿ ಬಂದರೆ ಹಿತಕಿದ ಬೇಳೆ ಸಾರು ಸಿಗುತ್ತದೆ. ಆ ಕಾಳನ್ನು ನೆನೆಹಾಕಿ ಒಂದೊಂದಾಗಿ ಸಿಪ್ಪೆ ಹಿತುಕಲು ಮನೆಮಂದಿ ಹಿಂದಿನ ರಾತ್ರಿಯಿಂದಲೇ ಕೂರಬೇಕು. ಆದ್ದರಿಂದ ಎಷ್ಟು ಜನ ಬರುತ್ತೀರಿ ಎಂದು ಎರಡು ದಿನ ಮುಂಚೆ ಫೋನ್ ಮಾಡಿ ಹೇಳಿ, ಹೇಳಿದಷ್ಟೇ ಜನ ಬನ್ನಿ.

ಇಂತಿ ನಿಮ್ಮವ,
ಹುತ್ತೂರು ಹೋಬಳಿಯ ಒಬ್ಬ ರೈತ