ಐದೂವರೆ ಇಂಚು ತಗಡು

ಅರವತ್ತೆಂಟು ವರ್ಷಗಳಲ್ಲಿ ನನ್ನ ಮುಖ ಬೇಕೆಂದು ಯಾರೂ ಕೇಳಿರಲಿಲ್ಲ. ಹೆಣ್ಣು ನೋಡಲು ಹೋದಾಗ ಬೀಗರು ನೋಡಿದ್ದು ಕೂಡ ನನ್ನ ಮಾಸ್ತರಿಕೆಯ ಪಗಾರವನ್ನೇ. ಹೀಗಿರುವಾಗ ಅಣ್ಣನ ಮಗ ಒಂದು ಮುಂಜಾನೆ ಚಹಾದ ಹೊತ್ತಿಗೆ ಬಂದು, "ಕಾಕಾ, ನಿಮ್ಮ ಮುಖ ಬೇಕಾಗೈತ್ರಿ" ಅಂದ. ನಾನು ಗಲ್ಲ ಸವರಿಕೊಂಡೆ. ಎರಡು ದಿನದ ಗಡ್ಡ ಚುಚ್ಚಿತು.

ಸಂಗತಿ ಇಷ್ಟು. ಹಾನಗಲ್ಲ ತಾಲ್ಲೂಕಿನ ನಮ್ಮೂರ ವಾಚನಾಲಯದ ಮಾಡು ಮುಂಗಾರಿನ ಗಾಳಿಗೆ ಕಿತ್ತು ಹೋಗಿತ್ತು. ಪುಸ್ತಕದ ಮೂರು ಕಪಾಟು ಶಾಲೆಯ ಪಡಸಾಲೆ ಸೇರಿದ್ದವು, ಪೇಪರು ಓದುವವರು ಚಹಾದಂಗಡಿ ಕಟ್ಟೆ ಸೇರಿದ್ದರು. 84 ತಗಡು ಬೇಕು, ಒಂದಕ್ಕೆ 1,100 ರೂಪಾಯಿ. ಕಬ್ಬಿಣ, ಕೂಲಿ ಎಲ್ಲ ಕೂಡಿ 1,80,000. ಊರೊಳಗೆ ಆಗಲೇ ಜಾತ್ರೆಗೊಂದು ಪಟ್ಟಿ, ಹೋರಿ ಹಬ್ಬಕ್ಕೊಂದು ಪಟ್ಟಿ ಎತ್ತಿ ಮುಗಿದಿತ್ತು. ಮೂರನೆಯ ಪಟ್ಟಿ ಹಿಡಿದು ಹೋದರೆ ಮನೆಯಲ್ಲಿ ಇದ್ದವರೂ ಹೊಲಕ್ಕೆ ಹೋಗಿರುತ್ತಾರೆ. ಆದ್ದರಿಂದ ಬೆಂಗಳೂರು, ಪುಣೆ ಸೇರಿದ ನಮ್ಮ ಹುಡುಗರಿಂದ ಫೋನಿನಲ್ಲೇ ಎತ್ತುವುದು ಎಂದಾಯಿತು. ಅದಕ್ಕೆ ಕ್ರೌಡ್‌ಫಂಡಿಂಗ್ ಅನ್ನುತ್ತಾರಂತೆ. ಅದಕ್ಕೊಂದು ವಿಡಿಯೋ ಬೇಕಂತೆ.

"ಅಂದ್ರ ಪಟ್ಟಿ" ಅಂದೆ.

"ಪಟ್ಟಿ ಅಲ್ರಿ ಕಾಕಾ, ಕ್ಯಾಂಪೇನ್" ಅಂದ.

ಹೆಸರು ಏನಾದರೂ ಇರಲಿ, ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಬಾದಾಮಿ ಹತ್ತಿರ ಶಿವಯೋಗಮಂದಿರ ಕಟ್ಟಿದ್ದು ಜೋಳಿಗೆಯ ಬಲದಿಂದ. ಅವರ ಕಣ್ಣಿಗೆ, ಅಲ್ಲ, ಕಿವಿಗೆ ಬಿದ್ದ ಅಂಧ ಹುಡುಗ ನಮ್ಮ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದವನು; ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿಯುವ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ಕಟ್ಟಿದರು. ಜನ ನಾಟಕ ನೋಡಿದರು, ಟಿಕೆಟ್ಟಿನ ದುಡ್ಡಿನಲ್ಲಿ ಮಕ್ಕಳು ಉಂಡರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೆ ಊರೂರಲ್ಲಿ ತುಲಾಭಾರ ಆಗುತ್ತಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಜ್ಜಾರು, ಇನ್ನೊಂದರಲ್ಲಿ ಊರಿನವರ ಕಾಣಿಕೆ. ಎಷ್ಟು ಬೇಕು, ಎಷ್ಟು ಬಂತು, ಇನ್ನೆಷ್ಟು ಕಡಿಮೆ ಅನ್ನುವುದನ್ನು ಓದು ಬಾರದವನೂ ದೂರದಿಂದ ನೋಡಿ ಹೇಳಬಹುದು. ಈಗ ಫೋನಿನಲ್ಲಿ ಹಸಿರು ಗೆರೆಯೊಂದು ಶೇಕಡಾ ಇಷ್ಟು ಎಂದು ಮುಂದಕ್ಕೆ ತೆವಳುತ್ತದಲ್ಲ, ಅದು ಮಲಗಿದ ತಕ್ಕಡಿ, ಅಷ್ಟೇ.

ಪಟ್ಟಿ ಎತ್ತುವುದರಲ್ಲೂ ಒಂದು ವ್ಯಾಕರಣವಿದೆ. ಅದರ ಜೀವ ಮೊದಲ ಸಾಲಿನಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಗೌಡರ ಐದು ಸಾವಿರ ಇದ್ದರೆ ಎರಡನೆಯವನು ಐನೂರಕ್ಕೆ ಇಳಿಯಲು ನಾಚುತ್ತಾನೆ. ಮೊದಲ ಸಾಲಿನಲ್ಲಿ ಐವತ್ತೊಂದು ಬಿತ್ತೋ, ಕೊನೆಯ ಪುಟದವರೆಗೂ ಐವತ್ತೊಂದೇ. ಖಾಲಿ ಪಟ್ಟಿಯನ್ನು ಯಾರ ಮುಂದೂ ಹಿಡಿಯಬಾರದು ಎಂದು ನಮ್ಮಪ್ಪ ಹೇಳುತ್ತಿದ್ದ. ವಿಡಿಯೋ ಊರಿಗೆಲ್ಲ ಬಿಡುವ ಮೊದಲು ಹತ್ತು ಮಂದಿ ಹತ್ತಿರದವರಿಂದ ಹಣ ಹಾಕಿಸಿರಬೇಕು ಎಂದು ನನ್ನ ಅಳಿಯ ಬೆಂಗಳೂರಿಂದ ಫೋನು ಮಾಡಿ ಉಪದೇಶಿಸಿದಾಗ, ಅಪ್ಪ ಹೊಸ ಭಾಷೆ ಕಲಿತು ಬಂದಂತಾಯಿತು.

ಇನ್ನು ಕೊಟ್ಟವರ ಹೆಸರು. ನಮ್ಮ ಕಡೆ ಊರ ನಾಟಕದಲ್ಲಿ ದುಶ್ಯಾಸನ ಸೀರೆಗೆ ಕೈ ಹಾಕಿದ ಗಳಿಗೆಯಲ್ಲೇ ಮೈಕು ಗೊರಗುಟ್ಟಿ, ಇಂಥವರಿಂದ ಐನೂರಾ ಒಂದು ರೂಪಾಯಿ ಕಾಣಿಕೆ ಎಂದು ಸಾರುತ್ತದೆ. ದುಶ್ಯಾಸನ ಸೆರಗು ಹಿಡಿದುಕೊಂಡೇ ಕಾಯುತ್ತಾನೆ. ಹೊರಗಿನವರು ನಗಬಹುದು, ಆದರೆ ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆಗೆ ಪೀಠ ಕಟ್ಟಲು ದುಡ್ಡು ಸಾಲದೆ ಹೋದಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ಮಾಡಿದ್ದೂ ಇದನ್ನೇ. ಎಷ್ಟೇ ಚಿಲ್ಲರೆ ಕೊಡಲಿ, ಕೊಟ್ಟವರ ಹೆಸರನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇನೆಂದ. ಐದು ತಿಂಗಳಲ್ಲಿ ಒಂದು ಲಕ್ಷ ಡಾಲರು ದಾಟಿತು. ಆ ಮಹಾತಾಯಿ ನಿಂತಿರುವುದು ಚಿಲ್ಲರೆಯ ಮೇಲೆ.

ಅಣ್ಣನ ಮಗನಿಗೆ ಈ ಪುರಾಣ ಬೇಡವಾಗಿತ್ತು. ವಿಡಿಯೋದಲ್ಲಿ "ನಮ್ಮ ಭಾಗದ ವೈಭವ" ಬರಬೇಕು ಎಂದು ಹಟ ಹಿಡಿದ. ಗೆಳೆಯನ ಡ್ರೋನು ಕಡ ತಂದು, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ವಾಚನಾಲಯ ಇರುವುದು ಹಾನಗಲ್ಲ ತಾಲ್ಲೂಕಿನಲ್ಲಿ. ಮೂರು ದಿನ ನಾವು ಅಲ್ಲೊಂದನ್ನು ಬಿಟ್ಟು ಎಲ್ಲ ಕಡೆ ಇದ್ದೆವು.

ಮೊದಲು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ. ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಸೊಲಬಕ್ಕನವರ ಕಲ್ಪನೆಯ ಸಿಮೆಂಟಿನ ಹಳ್ಳಿಯೇ ಇದೆ. ರೈತ, ಎತ್ತು, ಮನೆ, ಅಂಗಳ, ಎಲ್ಲ. ಹುಡುಗ ಅವರನ್ನೆಲ್ಲ ಕಣ್ಣರಳಿಸಿ ನೋಡಿ ನಿಟ್ಟುಸಿರಿಟ್ಟ. "ನೋಡ್ರಿ ಕಾಕಾ, ಒಬ್ರರ ಕ್ಯಾಮೆರಾ ಕಡೆ ನೋಡಾಕತ್ತಾರೇನು? ನಮ್ಮೂರವ್ರಿಗೆ ಎಷ್ಟು ಹೇಳಿದ್ರೂ ಕೈ ಬೀಸ್ತಾರ." ಸಿಮೆಂಟಿನವರ ಶಿಸ್ತು ನಮ್ಮವರಿಗೆ ಬರುವುದು ಕಷ್ಟ ಎಂದು ನಾನೂ ಒಪ್ಪಿದೆ.

ಸವಣೂರಿನಲ್ಲಿ ದೊಡ್ಡಹುಣಸೆ ಮರಗಳ ಮುಂದೆ ನನ್ನನ್ನು ನಿಲ್ಲಿಸಿದ. ಹುಣಸೆ ಎಂದು ಹೆಸರು, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡ ಸಮೇತ ಉರುಳಿತ್ತು, ಅದನ್ನು ಮತ್ತೆ ಎತ್ತಿ ನೆಟ್ಟರು. ಆ ಬೊಡ್ಡೆಯ ಮುಂದೆ ನಾನು ಮರೆತುಹೋದ ಛತ್ರಿಯಂತೆ ಕಾಣುತ್ತಿದ್ದೆ. ಅಲ್ಲಿ ಉಪಯೋಗವಾದದ್ದು ಮರಳುವಾಗ ಕೊಂಡ ಅರ್ಧ ಕಿಲೋ ಸವಣೂರು ಖಾರಾ ಮಾತ್ರ. ಇದು ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು ಎಂದು ಹೇಳಲು ಬಾಯಿ ತೆರೆದೆ. ಹುಡುಗ ಬಾಯಿಗೆ ಖಾರಾ ಹಾಕಿದ.

ಹಿರೇಕೆರೂರಿನಲ್ಲಿ ಕೆರೆ ಏರಿಯ ಮೇಲೆ ನಿಂತು ನನ್ನ ಭಾಷಣ. ನಾಲ್ಕು ಹಾಳೆ ಬರೆದುಕೊಂಡಿದ್ದೆ. ಗ್ರಂಥಾಲಯಗಳ ಇತಿಹಾಸದಿಂದ ಶುರುವಾಗಿ ತಗಡು ಬರುವಷ್ಟರಲ್ಲಿ ಹನ್ನೊಂದು ನಿಮಿಷ. ಸಂಜೆ ಬೀಗರ ಮನೆಯಲ್ಲಿ ಹಾಕಿ ನೋಡಿದರೆ ಗಾಳಿಯ ಭೋರೆಂಬ ಸದ್ದಿನೊಳಗೆ ನನ್ನ ದನಿ ಬಾವಿಗೆ ಬಿದ್ದವನ ದನಿಯಂತಿತ್ತು. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಕಂಪನಿ ನಾಟಕದಲ್ಲಿ ಹಿಂದಿನ ಸಾಲಿನವರು ಸಿಳ್ಳೆ ಹೊಡೆಯುತ್ತಿದ್ದುದು ರಾಜನ ಕಿರೀಟ ಕಾಣದ್ದಕ್ಕಲ್ಲ, ಮಾತು ಮುಟ್ಟದ್ದಕ್ಕೆ. ಬೀಗರು ಬಹಳ ಸಭ್ಯರು. "ಇದೇ ತಾಲ್ಲೂಕಿನ ಅಬಲೂರು ಸರ್ವಜ್ಞನ ಊರು ಅಂತಾರ್ರೀ. ಅವ ಎಲ್ಲಾ ಮೂರು ಸಾಲಿನಾಗ ಮುಗಸ್ತಿದ್ದ" ಎಂದಷ್ಟೇ ಹೇಳಿ ಎಲೆ ಅಡಿಕೆ ತಟ್ಟೆ ಮುಂದೆ ಸರಿಸಿದರು.

ಊರಿಗೆ ಬಂದು ಹುಡುಗ ಎರಡು ರಾತ್ರಿ ನಿದ್ದೆಗೆಟ್ಟು ಕತ್ತರಿಸಿ ಜೋಡಿಸಿದ. ಆಕಾಶದಿಂದ ಇಳಿಯುವ ದೃಶ್ಯ, ಹಸಿರು ಗದ್ದೆ, ಮರ, ಕೆರೆ; ಹಿಂದೆ ಕರುಳು ಹಿಂಡುವ ಕೊಳಲು. ಮೊದಲ ಪ್ರದರ್ಶನ ನಮ್ಮ ಪಡಸಾಲೆಯಲ್ಲಿ. ದೊಡ್ಡವ್ವ ಕವಳ ಒಂದು ದವಡೆಗೆ ಸರಿಸಿ ಅರ್ಧ ನಿಮಿಷ ನೋಡಿ ಕೇಳಿದಳು:

"ಯಾರು ಸತ್ತಾರ?"

ಕೊಳಲು ಅಲ್ಲಿಗೇ ನಿಂತಿತು. ಮೇಲಿಂದ ನೋಡಿದರೆ ಎಲ್ಲ ಊರೂ ಚಂದ. ಆದರೆ ನಕಾಶೆಗೆ ಯಾರೂ ದುಡ್ಡು ಕೊಡುವುದಿಲ್ಲ. ಕೇಳುವವನು ಯಾರು, ಎಷ್ಟು, ಯಾತಕ್ಕೆ, ಯಾವತ್ತಿನೊಳಗೆ, ಇಷ್ಟು ತಿಳಿದರೆ ಕೈ ಜೇಬಿಗೆ ಹೋಗುತ್ತದೆ. ನಿರ್ದೇಶಕ ಪವನ್ ಕುಮಾರ್ 'ಲೂಸಿಯಾ'ಗೆ ನಿರ್ಮಾಪಕರು ಸಿಗದೆ, ತನ್ನ ಪಾಡನ್ನು ಇದ್ದದ್ದಿದ್ದಂತೆ ಬರೆದು ಜನರ ಮುಂದಿಟ್ಟರು. 27 ದಿನಗಳಲ್ಲಿ ಸುಮಾರು 50 ಲಕ್ಷ ಕೂಡಿತು, 2013ರಲ್ಲಿ ಸಿನಿಮಾ ತೆರೆಗೆ ಬಂತು. ಅದಕ್ಕೂ ಮುಂಚೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನೆಗಲ್‌ರಿಂದ 'ಮಂಥನ್' ಮಾಡಿಸಿದ್ದರು. 1976ರ ಆ ಚಿತ್ರದಲ್ಲಿ ನಮ್ಮ ಗಿರೀಶ ಕಾರ್ನಾಡರೂ ಅನಂತನಾಗ್ ಅವರೂ ಇದ್ದರು. ಆ ಎರಡು ರೂಪಾಯಿಗೆ ಡ್ರೋನು ಬೇಕಾಗಿರಲಿಲ್ಲ.

ಮರುದಿನ ಮತ್ತೆ ಶುರು. ಈ ಸಲ ಮಾಡಿಲ್ಲದ ವಾಚನಾಲಯದೊಳಗೇ. ಬೆಳಕು ಎದುರಿಗೆ ಬರುವಂತೆ ಬಾಗಿಲ ಕಡೆ ಮುಖ, ಅಂಗಿಯ ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕು, ಕೋಳಿ ಕಾಯಲು ಇಬ್ಬರು ಹುಡುಗರು. ನನ್ನ ಮಾತು ಎರಡು ನಿಮಿಷ. ಬೆಂಗಳೂರಿನ ನಮ್ಮ ಹುಡುಗರು ವಿಡಿಯೋ ನೋಡುವುದು ಕಚೇರಿಯಲ್ಲಿ, ಸದ್ದಡಗಿಸಿಕೊಂಡು. ಹಾಗಾಗಿ ಮಾತೆಲ್ಲ ಕೆಳಗೆ ಅಕ್ಷರದಲ್ಲೂ ಬರಬೇಕೆಂದ ಅಳಿಯ. ಕೊನೆಯಲ್ಲಿ ಹಣ ಹಾಕಲು ಕ್ಯೂಆರ್ ಕೋಡ್ ತೋರಿಸಿದೆವು. ಫೋನಿನೊಳಗೆ ಕಾಣುವ ಕೋಡನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ತನ್ನ ಬೆನ್ನು ತಾನೇ ನೋಡಿಕೊಂಡಂತೆ ಎಂದು ನನ್ನ ಹೆಂಡತಿ ಅಡಿಗೆಮನೆಯಿಂದಲೇ ಹೇಳಿದ ಮೇಲೆ ಅದರ ಕೆಳಗೆ ನಂಬರನ್ನೂ ಬರೆದೆವು.

ನಾನು ಲೆಕ್ಕ ಹೇಳುತ್ತಿದ್ದೆ: 84 ತಗಡು, ಒಂದಕ್ಕೆ 1,100. ಆಗ ಕರೆಯದೆ ಬಂದವಳು ದೊಡ್ಡವ್ವ. ಅವಳಿಗೆ ಓದು ಬಾರದು; ದಿನಾ ಬಂದು ಮಳೆ ಯಾವಾಗ, ಮೆಣಸಿನಕಾಯಿ ಧಾರಣೆ ಎಷ್ಟು ಎಂದು ಯಾರಿಂದಲಾದರೂ ಪೇಪರು ಓದಿಸಿಕೊಳ್ಳುವವಳು. ಹುಡುಗ ಕ್ಯಾಮೆರಾ ನಿಲ್ಲಿಸಲು ಮರೆತ.

"ಓದೋರು ಮಳಿಯಾಗ ಕುಂತ್ರ ನನಗ್ಯಾರು ಓದಿ ಹೇಳ್ಬೇಕು?" ಎನ್ನುತ್ತ ಎಲೆಸಂಚಿ ಬಿಚ್ಚಿ ಐವತ್ತರ ನೋಟು ತೆಗೆದಳು. ನಾನು ಕೈ ಚಾಚಿದೆ. ನೋಟು ಹಿಂದಕ್ಕೆ ಹೋಯಿತು.

"ಪಾವತಿ ಹರಿ ಮೊದ್ಲ."

ಪಾವತಿ ಪುಸ್ತಕ ಮನೆಯಲ್ಲಿತ್ತು. ಒಬ್ಬ ಹುಡುಗ ಕೋಳಿ ಬಿಟ್ಟು ಓಡಿದ. ಅವನು ಬರುವವರೆಗೂ ದೊಡ್ಡವ್ವ ನೋಟು ಹಿಡಿದು, ನಾನು ಕೈ ಚಾಚಿಕೊಂಡು, ಗೊಟಗೋಡಿಯ ಬೊಂಬೆಗಳಂತೆ ನಿಂತೆವು. ಇಬ್ಬರೂ ಕ್ಯಾಮೆರಾ ನೋಡಲಿಲ್ಲ.

ಆ ತುಣುಕನ್ನು ಹುಡುಗ ವಿಡಿಯೋದ ಮೊದಲಿಗೇ ಹಾಕಿದ. ದುಡ್ಡು ಬಂತು. ನನ್ನ ಎರಡು ನಿಮಿಷವನ್ನು ಯಾರೂ ಕೊನೆವರೆಗೆ ನೋಡಿದಂತಿಲ್ಲ. ಫೋನು ಮಾಡಿದವರೆಲ್ಲ "ನಮಗೂ ಪಾವತಿ ಹರೀರಿ" ಎಂದು ನಕ್ಕರು. ಮುದುಕಿಯ ಐವತ್ತು ರೂಪಾಯಿಗೇ ಇಷ್ಟು ಬಿಗಿ ಲೆಕ್ಕವಿದ್ದರೆ ತಮ್ಮ ಐದು ಸಾವಿರ ಎಲ್ಲಿಗೂ ಹೋಗದು ಎಂಬ ಧೈರ್ಯ ಅವರಿಗೆ. ಕಣ್ಣೀರು ಹಾಕಿಸಲು ನಾವು ಮೂರು ತಾಲ್ಲೂಕು ಸುತ್ತಿ ಬಂದಿದ್ದೆವು. ಕೆಲಸ ಮಾಡಿದ್ದು ನಮ್ಮ ಮೇಲಿನ ಸಂಶಯ.

ತಗಡು ಹೊದಿಸಿದ ದಿನ ದೊಡ್ಡವ್ವ ಪಾವತಿ ಹಿಡಿದು ಬಂದಳು. "ನನ್ನ ಐವತ್ತರದ್ದು ಯಾವುದು, ತೋರ್ಸು." ನಾನು ಮನಸ್ಸಿನಲ್ಲೇ ಗುಣಿಸಿದೆ. 1,100ಕ್ಕೆ 50 ಅಂದರೆ ಇಪ್ಪತ್ತೆರಡರಲ್ಲಿ ಒಂದು ಪಾಲು. ಹತ್ತಡಿಯ ತಗಡಿನಲ್ಲಿ ಐದೂವರೆ ಇಂಚು. ಹುಡುಗ ಧೈರ್ಯದಿಂದ ಕಿಟಕಿ ಪಕ್ಕದ ಮೂಲೆಗೆ ಬೆರಳು ತೋರಿಸಿಬಿಟ್ಟ. ಅಂದಿನಿಂದ ಅವಳ ಕೂರುವ ಜಾಗ ಅದರ ಕೆಳಗೇ.

ಈ ವರ್ಷ ಮೊದಲ ದೊಡ್ಡ ಮಳೆ ಹೊಡೆದಾಗ ನಾನೂ ಹುಡುಗನೂ ಒದ್ದೆಯಾಗುತ್ತ ಓಡಿದೆವು. ಉಳಿದ ಎಂಬತ್ತಮೂರು ತಗಡು ಸೋರಿದರೆ ಸೋರಲಿ. ಇಬ್ಬರೂ ಕತ್ತೆತ್ತಿ ಆ ಐದೂವರೆ ಇಂಚನ್ನೇ ನೋಡುತ್ತ ನಿಂತೆವು.