ಮನೋರಮೆಯ ಮೈನಸ್ ಕ್ಯೂ

ಕಂಪ್ಯೂಟರಿಗೆ ಕೆಲಸ ಹೇಳುವುದು ದೊಡ್ಡ ವಿಷಯವೇನೂ ಅಲ್ಲ. ಆ ಕೆಲಸ ಮಾಡುವಾಗ ಎಷ್ಟು ಮಾತಾಡಬೇಕು, ಎಲ್ಲಿಗೆ ನಿಲ್ಲಿಸಬೇಕು, ಏನನ್ನು ಬಿಟ್ಟುಬಿಡಬೇಕು ಎಂದು ಹೇಳುವಲ್ಲಿ ಮಾತ್ರ ಹೇಳುವವನ ಗುಣ ಬಯಲಾಗುತ್ತದೆ. ಪ್ರೋಗ್ರಾಂ ಬರೆಯುವವರ ಕುಲಕ್ಕೆ ಯೂನಿಟ್ ಟೆಸ್ಟ್ ಎಂಬ ವ್ರತವೊಂದಿದೆ. ಬರೆದ ಪ್ರತಿ ತುಣುಕಿಗೂ ‘ಇದನ್ನು ಕೊಟ್ಟರೆ ಇದೇ ಬರಬೇಕು’ ಎಂದು ಪುಟ್ಟ ಪರೀಕ್ಷೆ ಬರೆದಿಡುವುದು ಅದರ ನಿಯಮ. ಪೈಥಾನ್ ಭಾಷೆಯಲ್ಲಿ ಬರೆಯುವವರು ಕಪ್ಪು ಪರದೆಯಲ್ಲಿ ‘ಪೈಟೆಸ್ಟ್’ ಎಂದು ಹೊಡೆದು ಎಂಟರ್ ಒತ್ತಿದರೆ ಎಲ್ಲ ಪರೀಕ್ಷೆಗಳೂ ಸಾಲಾಗಿ ಓಡುತ್ತವೆ. ಪಾಸಾದದ್ದಕ್ಕೆ ಒಂದು ಚುಕ್ಕಿ, ಫೇಲಾದದ್ದಕ್ಕೆ ಒಂದು ‘ಎಫ್’. ಆ ಹೆಸರಿನ ಮುಂದೆ ಒಂದು ಮೈನಸ್ ಗುರುತು, ಒಂದು ಅಕ್ಷರ, ಅಂದರೆ ಒಂದು ಆಪ್ಷನ್ ಸೇರಿಸಿದಿರೋ, ಅಲ್ಲಿಂದ ನಿಮ್ಮ ಜಾತಕ ಶುರು.

ನಮ್ಮ ಊರು ಬೆಳ್ಮಣ್. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ. ದುರ್ಗಾಪರಮೇಶ್ವರಿ ದೇವಸ್ಥಾನದಿಂದಾಗಿ ಹೆಸರು ಕೇಳಿದವರು ಬಹಳ. ಮನೆಯಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವ ನನ್ನಂಥವರು ಇಲ್ಲಿ ಈಗ ಅಪರೂಪವಲ್ಲ. ಹಾಗಾಗಿ ಸ್ಮರಣ ಸಂಚಿಕೆಯೊಂದಕ್ಕೆ ಸುತ್ತಲಿನ ಊರುಗಳ ಅಕಾರಾದಿ ಪಟ್ಟಿ ಮಾಡಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. “ಕಂಪ್ಯೂಟರಿನವ ಅಲ್ವಾ ನೀನು, ಒಂದು ಬಟನ್ ಒತ್ತಿದ್ರೆ ಆಯ್ತಲ್ಲ ಮಾರಾಯ” ಎಂದರು ಸಂಪಾದಕರು.

ಆ ಬಟನ್ನಿನ ಹಿಂದೆ ಎಷ್ಟು ಟೆಸ್ಟು ಬೇಕೆಂದು ತಿಳಿಯಲು ಬೆಳ್ಮಣ್ ಎಂಬ ಹೆಸರೊಂದೇ ಸಾಕು. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿಗೆ ಏಳು: ಬ, ಎತ್ವ, ಳ, ಹಲಂತ, ಮ, ಣ, ಮತ್ತೊಂದು ಹಲಂತ. ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಹೊಡೆದರೂ ಏಳೇ ಕೀಲಿ, ಲೆಕ್ಕ ಚೊಕ್ಕ. ಆದರೆ ಪೈಥಾನಿನಲ್ಲಿ ಪದಗಳನ್ನು ಬಿಡಿಸಲು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಎಂಬ ಗುರುತಿದೆಯಲ್ಲ, ಅದು ನಮ್ಮ ಕಾಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಒಪ್ಪುವುದೇ ಇಲ್ಲ. ಅದರ ಕೈಗೆ ಬೆಳ್ಮಣ್ ಕೊಟ್ಟರೆ ‘ಬ’, ‘ಳ’, ‘ಮಣ’ ಎಂದು ಮೂರು ತುಂಡು ಮಾಡಿ ವಾಪಸು ಕೊಡುತ್ತದೆ. ಯಾವ ಗ್ರಾಮ ಪಂಚಾಯತಿಯ ವಿಭಜನೆಯಲ್ಲೂ ಊರು ಇಷ್ಟು ನಿರ್ದಯವಾಗಿ ಒಡೆದದ್ದಿಲ್ಲ. ಕೊಲ್ಲೂರಿನದು ಇನ್ನೊಂದು ಪಾಡು. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ನೋಡುವವರಿಗೆ ವ್ಯತ್ಯಾಸ ಕಾಣದು, ಕಂಪ್ಯೂಟರಿಗೆ ಮಾತ್ರ ಎರಡು ಕೊಲ್ಲೂರು. ಮೂಕಾಂಬಿಕೆ ಯಾವುದರಲ್ಲಿದ್ದಾಳೆ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ. ಎರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವ ಟೆಸ್ಟು ಬರೆಯಬೇಕು, ಅಷ್ಟೆ.

ಇನ್ನು ‘ಳ’. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ಕಾರದ ನಂತರ, ಕಟ್ಟಕಡೆಗೆ. ಯೂನಿಕೋಡ್ ಅದನ್ನು ‘ಲ’ದ ಪಕ್ಕದಲ್ಲಿ ಕೂರಿಸಿದೆ. ಹಾಗಾಗಿ ನಿಘಂಟಿನಲ್ಲಿ ‘ಮಹಡಿ’ ಮೊದಲು, ‘ಮಳೆ’ ಆಮೇಲೆ. ಸಂಕೇತದ ಸಂಖ್ಯೆ ನೋಡಿ ವಿಂಗಡಿಸಿದರೆ ಮಳೆಯೇ ಮೊದಲು. ಜೂನ್ ತಿಂಗಳಲ್ಲಿ ಬೆಳ್ಮಣ್ಣಿನಲ್ಲಿ ಕೂತವನಿಗೆ ಇದರಲ್ಲೇನೂ ತಪ್ಪು ಕಾಣುವುದಿಲ್ಲ. ಆದರೂ ಟೆಸ್ಟು ‘ಎಫ್’ ಎನ್ನುತ್ತದೆ.

ಇಂಥ ಪರೀಕ್ಷೆಗಳು ಗುಡ್ಡೆಬಿದ್ದ ಮೇಲೆ ಮೈನಸ್ಸುಗಳ ಸಹವಾಸ ಅನಿವಾರ್ಯ. ಒಂದಕ್ಷರದ ಈ ಜುಗ್ಗತನ 1970ರ ದಶಕದ ಯೂನಿಕ್ಸಿನ ಬಳುವಳಿ. ಆಗ ಪರದೆಯ ಜಾಗದಲ್ಲಿ ಟೆಲಿಟೈಪ್ ಇತ್ತು. ಸೆಕೆಂಡಿಗೆ 10 ಅಕ್ಷರ ಕುಟ್ಟುವ ಯಂತ್ರದ ಮುಂದೆ ಉದ್ದುದ್ದ ಮಾತು ಯಾರಿಗೆ ಬೇಕು? ಎರಡು ಮೈನಸ್ ಹಾಕಿ ಪೂರ್ತಿ ಪದ ಬರೆಯುವ ಸೌಜನ್ಯವನ್ನು ಆಮೇಲೆ ರೂಢಿಗೆ ತಂದದ್ದು ಗ್ನೂ ಬಳಗ. ಮೈನಸ್ಸಿನ ಕಥೆ ಇದಾದರೆ, ಯೂನಿಟ್ ಟೆಸ್ಟನ್ನು ಮನೆಮಾತು ಮಾಡಿದ ಜೆಯೂನಿಟ್ ಹುಟ್ಟಿದ್ದು 1997ರಲ್ಲಿ, ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಅಕ್ಕಪಕ್ಕದ ಸೀಟಿನಲ್ಲಿ ಕೂತು ಬರೆದರಂತೆ. ನಮ್ಮ ಕಡೆಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಲಿ, ಜೆಯೂನಿಟ್‌ನ ‘ಜೆ’ ಕೂಡ ನೆಟ್ಟಗೆ ಬೀಳದು.

ಮೈನಸ್ ಎಕ್ಸ್ ಎಂದರೆ ಮೊದಲ ಸೋಲಿಗೇ ನಿಲ್ಲು. ಇದನ್ನು ಹಾಕುವವರು ಬೆಕ್ಕು ಅಡ್ಡ ಬಂದರೆ ಮನೆಗೆ ತಿರುಗುವ ಜನ. ಸ್ವಲ್ಪ ಧೈರ್ಯವಂತರು ‘ಮ್ಯಾಕ್ಸ್‌ಫೇಲ್ 3’ ಎಂದು ಮೂರು ಸೋಲಿನವರೆಗೆ ತಡೆದುಕೊಳ್ಳುತ್ತಾರೆ. ‘ಎಲ್‌ಎಫ್’ ಎಂಬುದು ಕಳೆದ ಸಲ ಫೇಲಾದವರನ್ನು ಮಾತ್ರ ಕರೆಯುತ್ತದೆ. ಯಾರು ಸೋತರೆಂಬ ನೆನಪನ್ನು ಒಂದು ಗುಪ್ತ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಕಳೆದ ಸಲ ಯಾರೂ ಸೋತಿರದಿದ್ದರೆ ಎಲ್ಲರನ್ನೂ ಓಡಿಸುತ್ತದೆ, ಅಷ್ಟು ನ್ಯಾಯ ಅದಕ್ಕಿದೆ. ‘ಡ್ಯುರೇಷನ್ಸ್ 10’ ಎಂದರೆ ಅತಿ ನಿಧಾನದ ಹತ್ತು ಟೆಸ್ಟುಗಳ ಹೆಸರನ್ನು ಎಲ್ಲರೆದುರು ಓದಿ ಹೇಳು ಎಂದರ್ಥ. ನನಗೆ ತುಂಬ ಹಿಡಿಸಿದ್ದು ಪೈಥಾನಿನದೇ ಆದ ಯೂನಿಟ್‌ಟೆಸ್ಟ್‌ನ ಮೈನಸ್ ಸಿ. ಅದಿದ್ದಾಗ ಕಂಟ್ರೋಲ್ ಸಿ ಒಮ್ಮೆ ಒತ್ತಿದರೆ ಕೈಲಿದ್ದ ಟೆಸ್ಟು ಮುಗಿಸಿ ನಿಲ್ಲುತ್ತದೆ, ಎರಡನೇ ಸಲ ಒತ್ತಿದರೆ ಇದ್ದಲ್ಲೇ ಬಿಟ್ಟು ಏಳುತ್ತದೆ. ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವ ಕ್ರಮವೂ ಥೇಟ್ ಇದೇ.

ಹಾಗೆ ಊಟಕ್ಕೆ ಕರೆಯಲು ಬಂದ ದೊಡ್ಡಮ್ಮ ಒಂದು ದಿನ ಪರದೆ ನೋಡಿದರು.

“ಎಂತ ಮಗಾ ಇದು, ಬೆಳಗ್ಗೆಯಿಂದ ಬರೀ ಚುಕ್ಕಿ? ಇದಕ್ಕೂ ಸಂಬಳ ಕೊಡ್ತಾರಾ?”

“ಕೊಡ್ತಾರೆ ದೊಡ್ಡಮ್ಮ. ಚುಕ್ಕಿ ಬಂದ್ರೆ ಎಲ್ಲ ಸರಿ ಉಂಟು ಅಂತ.”

“ಎಲ್ಲ ಸರಿ ಇದ್ರೆ ನೀನು ಯಾಕೆ ಅವರಿಗೆ?”

ಈ ಪ್ರಶ್ನೆ ಆಫೀಸಿನ ದೊಡ್ಡವರ ಕಿವಿಗೆ ಬೀಳದಿರಲಿ ಎಂದುಕೊಂಡು ಮೈನಸ್ ಕ್ಯೂ ಹಾಕಿದೆ. ಮಾತು ಕಡಿಮೆ ಮಾಡು ಎಂಬ ಆಜ್ಞೆ ಅದು. ಟೆಸ್ಟಿಗೆ ಅನ್ವಯಿಸಿತು, ದೊಡ್ಡಮ್ಮನಿಗಲ್ಲ.

ಮಾತು ಕಡಿಮೆ ಮಾಡು ಎಂದಾಗಲೆಲ್ಲ ನನಗೆ ಮನೋರಮೆ ನೆನಪಾಗುತ್ತಾಳೆ. ಬೆಳ್ಮಣ್ಣಿನ ಮಗ್ಗುಲಲ್ಲೇ ನಂದಳಿಕೆ. ಅಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದು, 1901ರಲ್ಲಿ ತೀರಿಕೊಂಡ ಲಕ್ಷ್ಮೀನಾರಣಪ್ಪನವರೇ ನಮ್ಮ ಕವಿ ಮುದ್ದಣ. ಅವರ ‘ಶ್ರೀರಾಮಾಶ್ವಮೇಧ’ದ ಆರಂಭದಲ್ಲಿ ಹೊರಗೆ ಮಳೆಗಾಲ, ಒಳಗೆ ಗಂಡ ಮುದ್ದಣ, ಹೆಂಡತಿ ಮನೋರಮೆ. ಹೊತ್ತು ಹೋಗಲು ಒಂದು ಕಥೆ ಹೇಳು ಎಂದವಳು ಸುಮ್ಮನೆ ಕೂರುವುದಿಲ್ಲ. ಪದ್ಯ ಬೇಡ, ಗದ್ಯದಲ್ಲಿರಲಿ ಎನ್ನುತ್ತಾಳೆ. ಬರೀ ಸಂಸ್ಕೃತ ತುಂಬಿದರೆ ತನಗೆ ತಿಳಿಯದು, ಕನ್ನಡ ಬೇಕು ಎನ್ನುತ್ತಾಳೆ. ಕಥೆ ಓಡುತ್ತಿರುವಾಗಲೇ ನಡುವೆ ತಡೆದು ಪ್ರಶ್ನೆ ಹಾಕುತ್ತಾಳೆ. ಕನ್ನಡ ಸಾಹಿತ್ಯದಲ್ಲಿ ಆಪ್ಷನ್ನುಗಳನ್ನು ಇಷ್ಟು ಚೆನ್ನಾಗಿ ಬಳಸಿದವರು ಇನ್ನೊಬ್ಬರಿಲ್ಲ. ಆದರೆ ಒಂದು ಗಮನಿಸಿ. ಅವಳ ಷರತ್ತುಗಳೆಲ್ಲ ಹೇಳುವ ರೀತಿಗೆ. ಈ ಅಧ್ಯಾಯ ಬಿಡು, ಆ ಯುದ್ಧ ಹಾರಿಸು, ದುಃಖದ ಭಾಗ ಬೇಡ ಎಂದು ಅವಳು ಹೇಳಲಿಲ್ಲ. ಕಥೆ ಪೂರ್ತಿ ಬೇಕು, ತನಗೆ ತಿಳಿಯುವಂತೆ ಬೇಕು.

ಆಪ್ಷನ್ನುಗಳಲ್ಲೂ ನಾನು ಕಂಡದ್ದು ಇಂಥ ಎರಡು ಜಾತಿ. ಕ್ಯೂ, ವಿ, ಎಸ್ ಮುಂತಾದವು ಮನೋರಮೆಯ ಕಡೆಯವು, ಹೇಳುವ ರೀತಿಯನ್ನಷ್ಟೇ ಬದಲಿಸುತ್ತವೆ. ಇನ್ನೊಂದು ಕಡೆಯವು ಕೇಳುವ ವಿಷಯಕ್ಕೇ ಕತ್ತರಿ ಹಾಕುತ್ತವೆ. ಮೈನಸ್ ಕೆ ಎಂದು ಹಾಕಿ ಒಂದು ಹೆಸರು ಕೊಟ್ಟರೆ ಆ ಹೆಸರಿನ ಟೆಸ್ಟುಗಳಷ್ಟೇ ಓಡುತ್ತವೆ. ಜಾವಾದ ಮೇವೆನ್ ಬಳಸುವವರಿಗೆ ‘ಸ್ಕಿಪ್‌ಟೆಸ್ಟ್ಸ್’ ಎಂಬ ವರವುಂಟು. ಟೆಸ್ಟುಗಳನ್ನು ಕಂಪೈಲ್ ಮಾಡುತ್ತದೆ, ಓಡಿಸುವುದಿಲ್ಲ. ಅಷ್ಟು ಶ್ರಮವೂ ಬೇಡವೆಂದರೆ ಕಂಪೈಲನ್ನೂ ಬಿಡುವ ಇನ್ನೊಂದು ವರವುಂಟು. ಶುಕ್ರವಾರ ಸಂಜೆ, ಮಳೆ, ಕರೆಂಟು ಹೋಗಿ ಯುಪಿಎಸ್ ಕುಂಯ್‌ಗುಟ್ಟುತ್ತಿರುವಾಗ ಇವು ಎಷ್ಟು ಸುಂದರವಾಗಿ ಕಾಣುತ್ತವೆಂದು ಅನುಭವಿಸಿದವರೇ ಬಲ್ಲರು. ಬೇಡವೆಂದು ನಾನು ಹೇಳುವುದಿಲ್ಲ. ‘ಳ’ಕಾರ ತಿದ್ದುವ ಹೊತ್ತಿಗೆ ‘ಳ’ದ ಟೆಸ್ಟೊಂದನ್ನೇ ಓಡಿಸಿದರೆ ತಪ್ಪೇನು? ಅಲ್ಲಿಗೇ ಕೆಲಸ ಮುಗಿಯಿತೆಂದು ಲ್ಯಾಪ್‌ಟಾಪ್ ಮುಚ್ಚುವುದು ಮಾತ್ರ ತಪ್ಪು.

ಕತ್ತರಿ ತುಂಬ ಹರಿತವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಮೈನಸ್ ಕೆ ಮುಂದಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಒಂದು ಟೆಸ್ಟೂ ಸಿಗುವುದಿಲ್ಲ. ಪೈಟೆಸ್ಟ್ ಇದನ್ನು ಸೋಲೆಂದೂ ಹೇಳದೆ ಗೆಲುವೆಂದೂ ಹೇಳದೆ 5 ಎಂಬ ಸಂಕೇತ ಕೊಟ್ಟು ಹೊರಬೀಳುತ್ತದೆ. ಪೈಥಾನಿನ ಯೂನಿಟ್‌ಟೆಸ್ಟ್ ಮಾತ್ರ ಬಹುಕಾಲ ‘ಸೊನ್ನೆ ಟೆಸ್ಟು ಓಡಿದವು, ಓಕೆ’ ಎಂದು ಗಂಭೀರವಾಗಿ ಬರೆಯುತ್ತಿತ್ತು. ಒಬ್ಬ ವಿದ್ಯಾರ್ಥಿಯೂ ಬಾರದ ಪರೀಕ್ಷೆಗೆ ನೂರಕ್ಕೆ ನೂರು ಫಲಿತಾಂಶ! 2023ರಲ್ಲಿ ಬಂದ 3.12ನೇ ಆವೃತ್ತಿಯಲ್ಲಿ ಅದಕ್ಕೂ ಬುದ್ಧಿ ಬಂದು, ಒಂದೂ ಓಡಲಿಲ್ಲವೆಂದು ಒಪ್ಪಿಕೊಂಡು ಅದೇ 5 ಕೊಡುತ್ತಿದೆ.

ನೀವು ಎಷ್ಟು ಮೈನಸ್ ಬೇಕಾದರೂ ಹಾಕಿಕೊಳ್ಳಿ. ಆದರೆ ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡುವ ಮುಂಚೆ ಒಂದು ಸಲ ಯಾವ ಆಪ್ಷನ್ನೂ ಇಲ್ಲದೆ ಪೂರ್ತಿ ಓಡಿಸಿ, ಕೊನೆಯ ಸಾಲಿನಲ್ಲಿ ಎಷ್ಟು ಟೆಸ್ಟು ಓಡಿದವು ಎಂಬ ಅಂಕಿಯನ್ನು ದಯವಿಟ್ಟು ಓದಿ.